ಹೊತ್ತು ಮುಳುಗುವ ಮುನ್ನ ಮಲಗಬೇಕಾದ ಮಕ್ಕಳು

ಜೂನ್ ಮೂರನೇ ವಾರ ಬೆಂಗಳೂರಿನಲ್ಲಿ ಹೊತ್ತು ಮುಳುಗುವುದು ಸಂಜೆ ಆರೂಮುಕ್ಕಾಲರ ಆಸುಪಾಸಿನಲ್ಲಿ. ಏಳೂಕಾಲಾಗುವಷ್ಟರಲ್ಲಿ ಬೀದಿದೀಪ ಬೇಕೇ ಬೇಕು. ಅದೇ ದಿನ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ; ಬೆಳಗಿನ ಜಾವ ನಾಲ್ಕೂವರೆಗೆಲ್ಲ ಅವನು ಮತ್ತೆ ಹಾಜರು. ನಡುವೆ ಉಳಿಯುವ ಆರೂವರೆ ಗಂಟೆಯೂ ಸರಿಯಾದ ಕತ್ತಲಲ್ಲ. ಮಧ್ಯರಾತ್ರಿಯಲ್ಲೂ ಸೂರ್ಯ ದಿಗಂತದಿಂದ ಹನ್ನೊಂದು ಡಿಗ್ರಿಯಷ್ಟೂ ಕೆಳಗಿಳಿಯದ ಕಾರಣ ಉತ್ತರದ ಅಂಚಿನಲ್ಲಿ ಆಕಾಶ ಬೆಳ್ಳಗೇ ಇರುತ್ತದೆ. ಹೊತ್ತು ಇಷ್ಟು ತಡವಾಗಿ ಮುಳುಗುವುದರಲ್ಲಿ ಒಂದು ಗಂಟೆ ಮನುಷ್ಯ ತಾನೇ ತಂದುಕೊಂಡದ್ದು: ಮಾರ್ಚ್ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಓಡುತ್ತವೆ. ಶಾಲೆಯ ಗಂಟೆ ಮಾತ್ರ ಬೇಸಿಗೆ ಎಂದು ತಡವಾಗಿ ಹೊಡೆಯುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಜೂನ್ ಕೊನೆಯವರೆಗೂ ಇಂಗ್ಲೆಂಡಿನಲ್ಲಿ ಜುಲೈ ಮೂರನೇ ವಾರದವರೆಗೂ ಪಾಠಗಳು ನಡೆಯುತ್ತವೆ. ಅಮೆರಿಕದ ನಿದ್ರಾತಜ್ಞರ ಸಂಘ 2016ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಏಳಕ್ಕೆ ಎದ್ದು ಶಾಲೆಗೆ ಹೊರಡುವ ಐದು ವರ್ಷದ ಮಗು ರಾತ್ರಿ ಎಂಟರ ಹೊತ್ತಿಗೆ ಮಲಗಿದರೆ ಈ ಲೆಕ್ಕ ಸಲೀಸಾಗಿ ಕೂಡುತ್ತದೆ. ಆ ಎಂಟು ಗಂಟೆಗೆ ಕಿಟಕಿಯಾಚೆ ಇರುವುದು ನಮ್ಮೂರಿನ ಸಂಜೆ ಐದೂಮುಕ್ಕಾಲರ ಬಿಸಿಲು.

ದೂರು ಹೊಸದೇನಲ್ಲ. ಎಡಿನ್‌ಬರೋದಲ್ಲೇ ಹುಟ್ಟಿ ಬೆಳೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ 1885ರಲ್ಲಿ ತಂದ ಮಕ್ಕಳ ಪದ್ಯಗಳ ಪುಸ್ತಕದಲ್ಲಿ, ಬೇಸಿಗೆಯಲ್ಲಿ ಹಗಲಿರುವಾಗಲೇ ಮಲಗಬೇಕಲ್ಲ ಎಂದು ಗೊಣಗುವ ಮಗು ಇದೆ. ಆಗ ಗಡಿಯಾರ ತಿರುಗಿಸುವ ಪದ್ಧತಿಯೂ ಇರಲಿಲ್ಲ, ಎಲ್ಲದಕ್ಕೂ ಹೊಣೆ ಹೊರಿಸಲು ಮೊಬೈಲೂ ಇರಲಿಲ್ಲ. ಇಂದು ಆ ಗೊಣಗಾಟಕ್ಕೆ ಸಿಗುವ ಉತ್ತರ ಬ್ಲ್ಯಾಕ್‌ಔಟ್ ಕರ್ಟನ್, ಅಂದರೆ ಬೆಳಕು ತೂರದ ದಪ್ಪ ಪರದೆ. ಪರದೆ ಬೇಕು, ನಿಜ. ಆದರೆ ಮಲಗುವ ಹೊತ್ತಿಗೆ ಎಳೆಯುವ ಪರದೆ ಒಂದು ಗಂಟೆ ತಡವಾಗಿ ಎಳೆದ ಪರದೆ ಎಂಬುದು ನನ್ನ ವಾದ. ಅದಕ್ಕೆ ಕಾರಣ ಮಗುವಿನ ಕಣ್ಣಿನಲ್ಲೇ ಇದೆ.

ಬೆಳಕು ಕಣ್ಣಿಗೆ ಚುಚ್ಚುತ್ತದೆ, ಅದಕ್ಕೇ ನಿದ್ದೆ ಹತ್ತುವುದಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಒಳಗೆ ನಡೆಯುವ ವ್ಯವಹಾರ ಇನ್ನೂ ಇದೆ. ನೋಟಕ್ಕೆ ನೆರವಾಗುವ ಕೋಶಗಳಲ್ಲದೆ, ಹೊರಗೆ ಎಷ್ಟು ಬೆಳಕಿದೆ ಎಂದಷ್ಟೇ ಅಳೆದು ವರದಿ ಮಾಡುವ ಇನ್ನೊಂದು ಬಗೆಯ ಕೋಶಗಳು ಅಕ್ಷಿಪಟಲದಲ್ಲಿವೆ. 2002ರಲ್ಲಿ ಖಚಿತವಾದ ಸಂಗತಿಯಿದು. ನೀಲಿ ಬೆಳಕಿಗೆ ಇವು ಹೆಚ್ಚು ಎಚ್ಚರ. ಇವುಗಳ ವರದಿ ಮಿದುಳಿನ ಗಡಿಯಾರಕ್ಕೆ ಹೋಗುತ್ತದೆ; ಬೆಳಕು ಸಾಕಷ್ಟಿದ್ದರೆ ರಾತ್ರಿಯಾಯಿತೆಂದು ಮೈಗೆಲ್ಲ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ಗಡಿಯಾರ ತಡೆಹಿಡಿಯುತ್ತದೆ. ಮಕ್ಕಳ ಕಣ್ಣಿನ ಮಸೂರ ತಿಳಿಯಾದದ್ದು, ಪಾಪೆ ದೊಡ್ಡದು. ಹಾಗಾಗಿ ಒಂದೇ ಕೋಣೆಯಲ್ಲಿ ಕೂತಿದ್ದರೂ ಅಪ್ಪನ ಕಣ್ಣಿನೊಳಕ್ಕೆ ಹೋಗುವುದಕ್ಕಿಂತ ಹೆಚ್ಚು ಬೆಳಕು ಮಗಳ ಕಣ್ಣಿನೊಳಕ್ಕೆ ಹೋಗುತ್ತದೆ.

ಇದು ಎಷ್ಟರಮಟ್ಟಿಗೆ ಪರಿಣಾಮ ಬೀರುತ್ತದೆ ಎಂದು ನೋಡಿದವರು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಮೊನಿಕ್ ಲೆಬೂರ್ಜ್ವಾ ಮತ್ತು ಅವರ ತಂಡ. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಹತ್ತು ಮಕ್ಕಳಿದ್ದರು. ಮಕ್ಕಳ ಮನೆಗಳ ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಹೊದಿಸಿ, ದೀಪಗಳನ್ನು ಮಂದ ಮಾಡಿ, ಮನೆಯನ್ನೇ ಗುಹೆಯಾಗಿಸಿದರು. ಮರುದಿನ ಸಂಜೆ, ಮಲಗುವ ಮುನ್ನ ಒಂದು ಗಂಟೆ, 1,000 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆಯ ಮಾನ) ಬೆಳಗುವ ಮೇಜಿನ ಮೇಲೆ ಚಿತ್ರಕ್ಕೆ ಬಣ್ಣ ತುಂಬಲು ಬಿಟ್ಟರು. ಆಗಾಗ ಹತ್ತಿ ಜಗಿಸಿ ಎಂಜಲಿನಲ್ಲಿ ಮೆಲಟೋನಿನ್ ಅಳೆದರು. ಅದು ಶೇ. 88ರಷ್ಟು ಕುಸಿದಿತ್ತು; ದೀಪ ಆರಿಸಿ ಐವತ್ತು ನಿಮಿಷ ಕಳೆದರೂ ಚೇತರಿಸಿಕೊಂಡಿರಲಿಲ್ಲ. 2022ರಲ್ಲಿ ಅದೇ ತಂಡ 36 ಮಕ್ಕಳನ್ನು ಬೇರೆ ಬೇರೆ ಪ್ರಮಾಣದ ಬೆಳಕಿಗೆ ಒಡ್ಡಿ ನೋಡಿತು. ಬರೀ 5ರಿಂದ 40 ಲಕ್ಸ್, ಅಂದರೆ ಮನೆಯ ಮಂದ ದೀಪದಷ್ಟು ಬೆಳಕಿನಲ್ಲೂ ಮೆಲಟೋನಿನ್ ಸರಾಸರಿ ಶೇ. 78ರಷ್ಟು ಇಳಿದಿತ್ತು. ಆ ಐವತ್ತು ನಿಮಿಷವನ್ನು ಸಾಮಾನ್ಯ ಮನೆಯೊಂದಕ್ಕೆ ಹೊಂದಿಸಿ ನೋಡಿ. ಏಳೂಮುಕ್ಕಾಲರವರೆಗೆ ಪಶ್ಚಿಮಕ್ಕೆ ತೆರೆದ ಹಾಲ್‌ನಲ್ಲಿ ಆಡಿದ ಮಗುವನ್ನು ಎಂಟಕ್ಕೆ ಕತ್ತಲ ಕೋಣೆಗೆ ಒಯ್ದರೆ, ಅದರ ಮೈಗೆ ಇನ್ನೂ ಸಂಜೆಯೇ. ಒಂಬತ್ತರವರೆಗೆ ಹೊರಳಾಡುವ ಮಗುವನ್ನು ತುಂಟನೆಂದು ಗದರಿಸುವುದರಲ್ಲಿ ನ್ಯಾಯವಿಲ್ಲ.

ಇದಕ್ಕೆ ತಕರಾರು ಎತ್ತಬಹುದು. ಹತ್ತು ಮಕ್ಕಳು, ಮೂವತ್ತಾರು ಮಕ್ಕಳು, ಅದೂ ದಿನವಿಡೀ ಮಂದ ಬೆಳಕಿನಲ್ಲಿ ಇಟ್ಟವರು. ಹಗಲೆಲ್ಲ ಬಯಲಲ್ಲಿ ಆಡಿದ ಮಗುವಿನ ಕಣ್ಣು ಸಂಜೆಯ ಬೆಳಕಿಗೆ ಅಷ್ಟು ತೀವ್ರವಾಗಿ ಸ್ಪಂದಿಸಲಿಕ್ಕಿಲ್ಲ. ಮೆಲಟೋನಿನ್ ಕಡಿಮೆಯಾಯಿತು ಎಂದ ಮಾತ್ರಕ್ಕೆ ನಿದ್ದೆ ಅಷ್ಟೇ ಪ್ರಮಾಣದಲ್ಲಿ ಕೆಟ್ಟಿತು ಎಂದೂ ಅಲ್ಲ. ಒಪ್ಪತಕ್ಕ ಮಾತುಗಳೇ, ಶೇ. 88 ಎಂಬ ಅಂಕಿಯನ್ನು ಯಾರೂ ಮನೆಯ ಗೋಡೆಗೆ ಅಂಟಿಸಿಕೊಳ್ಳಬೇಕಿಲ್ಲ. ಆದರೆ ಪರಿಣಾಮ ಅದರ ಅರ್ಧವೇ ಎಂದಿಟ್ಟುಕೊಂಡರೂ ಸಂಜೆಯ ಬೆಳಕು ನಿದ್ದೆಯ ಹೊತ್ತನ್ನು ಮುಂದೆ ತಳ್ಳುತ್ತದೆ ಎಂಬ ದಿಕ್ಕು ಬದಲಾಗುವುದಿಲ್ಲ. ಇನ್ನೊಂದು ಆಕ್ಷೇಪ ಅಜ್ಜಿಯರದು. ಬೇಸಿಗೆಗೆಂದು ಎಡಿನ್‌ಬರೋದ ಮೊಮ್ಮಕ್ಕಳ ಮನೆಗೆ ಬಂದ ಕನ್ನಡದ ಅಜ್ಜಿಗೆ ದೀಪ ಹಚ್ಚುವ ಹೊತ್ತಿಗೆ ಮಲಗಬಾರದೆಂಬ ನಿಯಮ ರಕ್ತಗತ. ಆ ಹೊತ್ತು ಅಲ್ಲಿ ಬರುವುದೇ ರಾತ್ರಿ ಹತ್ತಕ್ಕೆ! ‘ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಕುಕ್ಕುವ ಬೆಳಕಿನಲ್ಲೂ ಮಗು ಗೊರಕೆ ಹೊಡೆಯುತ್ತದಲ್ಲ, ರಾತ್ರಿಗೆ ಮಾತ್ರ ಕತ್ತಲು ಏಕೆ?’ ಎಂದು ಅವರು ಕೇಳಿದರೆ ಪ್ರಶ್ನೆ ಚುರುಕಾಗಿಯೇ ಇದೆ. ನಿದ್ದೆಯನ್ನು ತರುವ ಬಲಗಳು ಎರಡು: ಎಚ್ಚರವಿದ್ದಷ್ಟೂ ಕೂಡಿಕೊಳ್ಳುವ ದಣಿವು ಒಂದು, ಒಳಗಿನ ಗಡಿಯಾರ ಇನ್ನೊಂದು. ಮಧ್ಯಾಹ್ನದ ಜೊಂಪಿಗೆ ದಣಿವೊಂದೇ ಸಾಕು. ಹತ್ತು ಗಂಟೆ ಬಿಡದೆ ಮಲಗಲು ಎರಡೂ ಒಟ್ಟಿಗೆ ನಿಲ್ಲಬೇಕು.

ಬೆಳಗಿನ ಜಾವದಲ್ಲಿ ಇದು ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ನಾಲ್ಕೂವರೆಯಷ್ಟೊತ್ತಿಗೆ ದಣಿವಿನ ಬಹುಪಾಲು ಕಳೆದು ನಿದ್ದೆ ತೆಳುವಾಗಿರುತ್ತದೆ, ಮುಚ್ಚಿದ ರೆಪ್ಪೆಯನ್ನು ದಾಟಿಯೂ ಒಂದಿಷ್ಟು ಬೆಳಕು ಒಳಗೆ ಬರುತ್ತದೆ. ಪರದೆ ನಿಜವಾಗಿ ದುಡಿಯುವುದು ಆಗ. ಏಳು ಗಂಟೆಗೆ ಮಾತ್ರ ಅದನ್ನು ಪೂರ್ತಿ ಸರಿಸಬೇಕು. ಬೆಳಗಿನ ಪ್ರಖರ ಬೆಳಕು ಒಳಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಅಂದಿನ ರಾತ್ರಿಯ ನಿದ್ದೆಯನ್ನು ಬೇಗ ತರುತ್ತದೆ. ದಿನವಿಡೀ ಕೋಣೆಯನ್ನು ಗವಿಯಾಗಿಟ್ಟರೆ ಈ ಲಾಭ ಕೈತಪ್ಪುತ್ತದೆ. ವಯಸ್ಕರನ್ನು ಗಮನದಲ್ಲಿಟ್ಟು ತಜ್ಞರ ಗುಂಪೊಂದು 2022ರಲ್ಲಿ ಕೊಟ್ಟ ಅಳತೆಯೂ ಹೀಗೇ ಇದೆ: ಹಗಲು ಕನಿಷ್ಠ 250, ಮಲಗುವ ಮುಂಚಿನ ಮೂರು ಗಂಟೆ 10ರೊಳಗೆ, ಮಲಗಿದಾಗ 1 ಲಕ್ಸ್ ಮೀರದಂತೆ. ಮಕ್ಕಳ ಸಂಜೆಗೆ ಮೂರು ಗಂಟೆಯ ಕತ್ತಲು ಅತಿಯಾಯಿತು, ಬೇಸಿಗೆಯ ಆಟವನ್ನೇ ಕಸಿದಂತೆ. ಕೊನೆಯ ಒಂದು ಗಂಟೆ ಸಾಕು: ಊಟ, ಸ್ನಾನ, ಕಥೆ ಎಲ್ಲವೂ ಪರದೆ ಎಳೆದ ಕಡೆ, ಹಳದಿ ಬಣ್ಣದ ಸಣ್ಣ ದೀಪದಲ್ಲಿ.

ಕರ್ಟನ್‌ನ ಬಟ್ಟೆ ಎಷ್ಟು ದಪ್ಪವಿದ್ದರೂ ಬೆಳಕು ನುಗ್ಗುವುದು ಅದರ ಮೇಲಂಚಿನಿಂದ ಮತ್ತು ಪಕ್ಕಗಳಿಂದ. ಸರಳನ್ನು ಚೌಕಟ್ಟಿಗಿಂತ ಸಾಕಷ್ಟು ಮೇಲೆ ಹಾಕಿ, ಎರಡೂ ಬದಿಗೆ ಒಂದೊಂದು ಗೇಣು ಬಟ್ಟೆ ಹೆಚ್ಚು ಬಿಟ್ಟರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಗೋಡೆಗೆ ಮೊಳೆ ಹೊಡೆಯಲು ಬಿಡದ ಬಾಡಿಗೆ ಮನೆಯವರಿಗೆ ಗಾಜಿಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಬ್ಲೈಂಡ್‌ಗಳು ಸಿಗುತ್ತವೆ. ಬ್ಲೈಂಡಿನ ದಾರ ಮಾತ್ರ ಮಗುವಿನ ಕೈಗೆ ಎಟುಕಬಾರದು, ನೆಲದಿಂದ ಒಂದೂವರೆ ಮೀಟರ್ ಮೇಲೇ ಇರಬೇಕು. ಕುಣಿಕೆಯಂತೆ ಜೋತುಬಿದ್ದ ದಾರ ಕೊರಳಿಗೆ ಸುತ್ತಿ ಮಕ್ಕಳು ಸತ್ತಿದ್ದಾರೆ. ಸೆಖೆಯ ರಾತ್ರಿ ಕತ್ತಲೋ ಗಾಳಿಯೋ ಎಂದು ಬಂದರೆ ನನ್ನ ಮತ ಗಾಳಿಗೆ, ಆದರೆ ಮಧ್ಯಾಹ್ನದಿಂದಲೇ ಪಶ್ಚಿಮದ ಪರದೆ ಎಳೆದಿದ್ದರೆ ಆ ಇಕ್ಕಟ್ಟು ಅಷ್ಟಾಗಿ ಬರುವುದಿಲ್ಲ. ಕತ್ತಲಿಗೆ ಹೆದರುವ ಮಗುವಿಗೆ ನೆಲದ ಹತ್ತಿರ ಕೆಂಪು ಛಾಯೆಯ ಪುಟ್ಟ ದೀಪವಿರಲಿ. ರಾತ್ರಿದೀಪದಿಂದ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುತ್ತದೆಂದು 1999ರಲ್ಲಿ ಸುದ್ದಿಯಾಗಿತ್ತು. ಮರುವರ್ಷವೇ ಬಂದ ಬೇರೆ ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. ಕನ್ನಡಕದ ತಂದೆತಾಯಿಗಳೇ ಹೆಚ್ಚಾಗಿ ರಾತ್ರಿದೀಪ ಇಡುತ್ತಾರೆ ಎಂಬ ವಿವರಣೆ ಸಿಕ್ಕಿತು.

ಕರ್ನಾಟಕದಲ್ಲಿ ಈ ವಿಷಯಕ್ಕೆ ಸೂರ್ಯನನ್ನು ದೂರುವಂತಿಲ್ಲ. ಬೆಂಗಳೂರಿನ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಅಂತರ ಒಂದೂವರೆ ಗಂಟೆಯಷ್ಟೇ. ನಮ್ಮಲ್ಲಿ ಮಗುವಿನ ಎಂಟು ಗಂಟೆಯನ್ನು ಹಗಲು ಮಾಡುವುದು ಹಾಲ್‌ನ ಟ್ಯೂಬ್‌ಲೈಟು, ಧಾರಾವಾಹಿ ಮುಗಿಯುವವರೆಗೆ ಆರದ ಟಿವಿ. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುವ ಮನೆಗಳಲ್ಲಿ ಬೇರೆ ದಾರಿ ಕಷ್ಟವೇ. ಟ್ಯೂಬ್‌ಲೈಟ್ ಆರಿಸಿ ಮೂಲೆಯಲ್ಲೊಂದು ಝೀರೋ ಬಲ್ಬ್ ಹಾಕಿದರೂ ವ್ಯತ್ಯಾಸವಾಗುತ್ತದೆ. ರಜೆಯ ವಿಚಾರದಲ್ಲಿ ಇಷ್ಟು ಬಿಗಿ ಬೇಡ. ಎಡಿನ್‌ಬರೋದ ಜುಲೈಯಲ್ಲಿ ಮಕ್ಕಳು ಒಂಬತ್ತಕ್ಕೆ ಮಲಗಿ ಎಂಟಕ್ಕೆ ಎದ್ದರೆ ನಷ್ಟವೇನಿಲ್ಲ, ಒಟ್ಟು ಗಂಟೆ ಸರಿಯಿದ್ದರಾಯಿತು. ಆಗಸ್ಟ್ ನಡುವಿನಲ್ಲಿ ಶಾಲೆ ತೆರೆಯುವ ಹತ್ತು ಹನ್ನೆರಡು ದಿನ ಮುಂಚಿನಿಂದ, ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷದಂತೆ ಪರದೆ ಎಳೆಯುವ ಹೊತ್ತನ್ನೂ ತೆರೆಯುವ ಹೊತ್ತನ್ನೂ ಹಿಂದಕ್ಕೆ ತಂದರೆ ಸಾಕು.