ಮಾದರಿ ವಿಮಾನ: ಜೋಡಣೆಯ ಮೇಜಿನಿಂದ ಬಯಲಿನವರೆಗೆ

ನೆಲದ ಮೇಲೆ ನಿಂತವರು ಕೈಯಲ್ಲಿನ ಟ್ರಾನ್ಸ್‌ಮಿಟರ್‌ನಿಂದ ರೇಡಿಯೊ ಸಂಕೇತ ಕಳಿಸಿ ಹಾರಿಸುವ ಮಾದರಿ ವಿಮಾನವು ಆಟಿಕೆಯಂತೆ ಕಂಡರೂ, ದೊಡ್ಡ ವಿಮಾನವನ್ನು ಆಕಾಶದಲ್ಲಿ ಎತ್ತಿಹಿಡಿಯುವ ಬಲಗಳೇ ಅದನ್ನೂ ಎತ್ತಿಹಿಡಿಯುವುದರಿಂದ, ಅದು ಹೇಗೆ ಹಾರುತ್ತದೆ ಎಂಬುದು ಬಹುಮಟ್ಟಿಗೆ ಜೋಡಣೆಯ ಮೇಜಿನ ಮೇಲೆಯೇ ತೀರ್ಮಾನವಾಗುತ್ತದೆ.

ಈ ಕೆಲಸದ ಸಾಂಪ್ರದಾಯಿಕ ಸಾಮಗ್ರಿ ಬಾಲ್ಸಾ ಮರ. ಹೆಚ್ಚಾಗಿ ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ ಬರುವ ಈ ಮರದ ತೂಕ ಘನ ಮೀಟರಿಗೆ ಸಾಮಾನ್ಯವಾಗಿ 100ರಿಂದ 200 ಕಿಲೋಗ್ರಾಂ ಮಾತ್ರ. ಒಂದೇ ಅಳತೆಯ ಎರಡು ಹಲಗೆಗಳಲ್ಲಿಯೂ ತೂಕದ ಅಂತರ ಇಷ್ಟು ದೊಡ್ಡದಿರುವುದರಿಂದ ಅನುಭವಿಗಳು ಹಗುರವಾದದ್ದನ್ನು ಬಾಲಕ್ಕೆಂದು ಎತ್ತಿಡುತ್ತಾರೆ. ಬಾಲವು ಗುರುತ್ವಕೇಂದ್ರದಿಂದ, ಅಂದರೆ ಇಡೀ ವಿಮಾನ ತೂಗಿ ನಿಲ್ಲುವ ಬಿಂದುವಿನಿಂದ ದೂರದಲ್ಲಿರುವುದರಿಂದ, ಅಲ್ಲಿ ಹೆಚ್ಚಿದ ಒಂದು ಗ್ರಾಂ ತೂಕವನ್ನು ಸರಿದೂಗಿಸಲು ಮೂತಿಗೆ ಎರಡು-ಮೂರು ಗ್ರಾಂ ಸೇರಿಸಬೇಕಾಗುತ್ತದೆ. 2003ರ ಆಗಸ್ಟ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡ್‌ನಿಂದ ಹೊರಟು ಸುಮಾರು 39 ಗಂಟೆಗಳಲ್ಲಿ ಐರ್ಲೆಂಡ್ ತಲುಪಿದ, ಅಮೆರಿಕದ ಮೇನಾರ್ಡ್ ಹಿಲ್ ಮತ್ತು ಸಂಗಡಿಗರ ಮಾದರಿ ವಿಮಾನವು ಇಂಧನವೂ ಸೇರಿ 5 ಕಿಲೋಗ್ರಾಂಗಿಂತ ಕಡಿಮೆ ತೂಗುತ್ತಿತ್ತು. ಸಾಗರದ ಮೇಲೆ ಸ್ವಯಂಚಾಲಿತವಾಗಿ ಸಾಗಿದ ಅದರ ಮೈಯೂ ಮುಖ್ಯವಾಗಿ ಬಾಲ್ಸಾದ್ದೇ ಎಂಬುದು ಈ ಮರದ ಯೋಗ್ಯತೆಗೆ ದೊಡ್ಡ ಸಾಕ್ಷಿ.

ನಕ್ಷೆಯನ್ನು ಸಮತಟ್ಟಾದ ಹಲಗೆಯ ಮೇಲೆ ಹರಡಿ, ಅಂಟು ತಾಗದಂತೆ ಪ್ಲಾಸ್ಟಿಕ್ ಹಾಳೆ ಹಾಸಿ, ರೆಕ್ಕೆಗೆ ಆಕಾರ ಕೊಡುವ ರಿಬ್ ಎಂಬ ತೆಳು ಬಿಲ್ಲೆಗಳನ್ನು ಗುಂಡುಸೂಜಿಗಳಿಂದ ನಿಲ್ಲಿಸಿ ಅಂಟಿಸಲಾಗುತ್ತದೆ. ಒಡಲಿಗೆ ರೆಕ್ಕೆ ಕೂಡಿಸುವಾಗ ಅದರ ಎರಡೂ ತುದಿಗಳಿಂದ ಬಾಲದ ನಡುಬಿಂದುವಿಗೆ ದಾರ ಹಿಡಿದು ಅಳೆದು ಎರಡೂ ಅಳತೆ ಒಂದೇ ಆಗುವವರೆಗೆ ಸರಿಪಡಿಸುವುದು ಈ ಹಂತದ ಅತ್ಯಂತ ಬೆಲೆಯುಳ್ಳ ತಾಳ್ಮೆ.

ಮರಳು ಕಾಗದದಿಂದ ಉಜ್ಜಿ ಧೂಳನ್ನು ಪೂರ್ತಿ ಒರೆಸಿದ ಮೇಲೆ ಹೊದಿಕೆಯ ಕೆಲಸ. ಕಾದರೆ ಕುಗ್ಗುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಣ್ಣ ಇಸ್ತ್ರಿಪೆಟ್ಟಿಗೆಯಿಂದ ಮೊದಲು ಅಂಚುಗಳಿಗೆ ಅಂಟಿಸಿ, ಬಳಿಕ ನಡುಭಾಗಕ್ಕೆ ಶಾಖ ಕೊಟ್ಟಾಗ ಸುಕ್ಕು ಮಾಯವಾಗಿ ಹಾಳೆ ಬಿಗಿಯಾಗುತ್ತದೆ. ಮೇಲ್ಭಾಗವನ್ನಷ್ಟೇ ಬಿಗಿದರೆ ರೆಕ್ಕೆ ತಿರುಚಿಕೊಳ್ಳುವುದರಿಂದ ಮೇಲೆ-ಕೆಳಗೆ ಸರದಿಯಂತೆ ಶಾಖ ಕೊಡುತ್ತಾ, ಆಗಾಗ ಹಿಂದಿನಿಂದ ಕಣ್ಣು ಕಿರಿದು ಮಾಡಿ ನೋಡಬೇಕು. ಹೊದಿಕೆಯನ್ನು ಬರೀ ಅಲಂಕಾರವೆಂದು ತಿಳಿಯುವುದು ತಪ್ಪು. ಅದು ರೆಕ್ಕೆಗೆ ಬಿಗುವನ್ನೂ ಕೊಡುತ್ತದೆ.

ವಿಮಾನದೊಳಗಿನ ರಿಸೀವರ್‌ನಿಂದ ಬಂದ ಸಂಕೇತದಂತೆ ತೋಳು ತಿರುಗಿಸುವ ಸರ್ವೋ ಎಂಬ ಪುಟ್ಟ ಮೋಟಾರುಗಳನ್ನು ರೆಕ್ಕೆ-ಬಾಲಗಳ ಅಲುಗುವ ಫಲಕಗಳಿಗೆ ತಂತಿಯಿಂದ ಜೋಡಿಸಿ, ಬ್ಯಾಟರಿಯನ್ನೂ ಕೂಡಿಸಿದ ಮೇಲೆಯೇ ಸಮತೋಲ ಪರೀಕ್ಷಿಸಬೇಕು. ಸಾಮಾನ್ಯ ವಿನ್ಯಾಸಗಳಲ್ಲಿ ಗುರುತ್ವಕೇಂದ್ರವು ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಶೇ 25ರಿಂದ 33ರಷ್ಟು ಹಿಂದೆ ಬರುತ್ತದೆ. ಅಂದರೆ 200 ಮಿಲಿಮೀಟರ್ ಅಗಲದ ರೆಕ್ಕೆಗೆ 50ರಿಂದ 66 ಮಿಲಿಮೀಟರ್. ಅದು ಇನ್ನಷ್ಟು ಹಿಂದೆ ಸರಿದರೆ ಸಣ್ಣ ಅಲುಗಾಟವೂ ಬೆಳೆಯುತ್ತಾ ಹೋಗಿ ವಿಮಾನ ಹತೋಟಿ ತಪ್ಪುತ್ತದೆ. ನಿಯಂತ್ರಣದ ದಿಕ್ಕನ್ನೂ ಮರೆಯುವಂತಿಲ್ಲ: ಟ್ರಾನ್ಸ್‌ಮಿಟರ್‌ನ ಕಡ್ಡಿಯನ್ನು ಬಲಕ್ಕೆ ಒತ್ತಿದಾಗ ಬಲ ರೆಕ್ಕೆಯ ಏಲಿರಾನ್, ಅಂದರೆ ಹಿಂದಂಚಿನ ಫಲಕ, ಮೇಲೇಳಬೇಕು.

ಮಾದರಿ ವಿಮಾನವು 25 ಕಿಲೋಗ್ರಾಂ ಮೀರದಂತಿರಬೇಕು ಮತ್ತು ಹಾರಿಸುವವರ ಕಣ್ಣಳತೆಯಲ್ಲಿಯೇ ಇರಬೇಕು ಎಂದು ಭಾರತದ 2021ರ ಡ್ರೋನ್ ನಿಯಮಗಳು ಹೇಳುತ್ತವೆ. ಹೊಸಬರು ತಾವು ಹಾರಿಸಬೇಕೆಂದಿರುವ ಜಾಗದಲ್ಲಿ ಹಾರಾಟಕ್ಕೆ ಅವಕಾಶವಿದೆಯೇ ಎಂದು ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ನೋಡಿಕೊಂಡು, ಮೊದಲ ಹಾರಾಟವನ್ನು ಜನರಿಲ್ಲದ ಬಯಲಿನಲ್ಲಿ, ಅನುಭವಿಗಳೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡೇ ನಡೆಸಬೇಕು.