ಕಾನ್ಪುರದ ಗುಜರಿ, ದೊಡ್ಡನೆಕ್ಕುಂದಿಯ ಆಕಾಶ

ದೊಡ್ಡನೆಕ್ಕುಂದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಯುದ್ಧವಿಮಾನದ ಸದ್ದಿಗೆ ತಲೆಯೆತ್ತಿ ನೋಡುತ್ತಾರೆ. ಹಳಬರು ಮಾತು ನಿಲ್ಲಿಸಿ, ಸದ್ದು ದಾಟಿದ ಮೇಲೆ ಮುಂದುವರಿಸುತ್ತಾರೆ. ಔಟರ್ ರಿಂಗ್ ರೋಡಿಗೆ ಅಂಟಿಕೊಂಡ ಈ ಊರಿನಲ್ಲಿ ಈಗ ಐಟಿ ಕಚೇರಿ, ಪಿಜಿ, ಅಪಾರ್ಟ್‌ಮೆಂಟುಗಳದ್ದೇ ದರ್ಬಾರು. ನಡುವೆ ಕೈಗಾರಿಕಾ ಪ್ರದೇಶ, ಒಂದು ಕೆರೆ. ನೈಋತ್ಯಕ್ಕೆ ಎಚ್‌ಎಎಲ್ ರನ್‌ವೇ.

ಎರಡನೇ ಮಹಾಯುದ್ಧದಲ್ಲಿ ಬಿದ್ದ ವಿಮಾನಗಳ ಅವಶೇಷ ಬೇಕೆಂದವರು ಅರುಣಾಚಲದ ಕಾಡು ಹತ್ತುತ್ತಾರೆ. ಅಸ್ಸಾಮಿನಿಂದ ಚೀನಾಕ್ಕೆ ಸರಕು ಸಾಗಿಸುತ್ತಿದ್ದ ನೂರಾರು ಅಮೆರಿಕನ್ ವಿಮಾನಗಳು ಆ ಪರ್ವತಗಳಲ್ಲಿ ಕಳೆದುಹೋದವು. 1944ರ ಜನವರಿಯಲ್ಲಿ ಎಂಟು ಮಂದಿಯೊಡನೆ ಕಣ್ಮರೆಯಾದ ‘ಹಾಟ್ ಆಸ್ ಹೆಲ್’ ಎಂಬ ಲಿಬರೇಟರ್ ಬಾಂಬರ್‌ನ ಚೂರುಗಳು ಸಿಕ್ಕಿದ್ದು 2006ರಲ್ಲಿ. ಇಂಥ ಅವಶೇಷಗಳಿಗೆಂದೇ 2023ರಲ್ಲಿ ಪಾಸಿಘಾಟ್‌ನಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಸತ್ತವರ ಮನೆಯವರಿಗೆ ಒಂದು ಉತ್ತರವನ್ನಾದರೂ ತಲುಪಿಸುವ ಕೆಲಸ ಈ ಹುಡುಕಾಟ.

ಅದೇ ಲಿಬರೇಟರ್ ಜಾತಿಯ ವಿಮಾನಗಳನ್ನು ನಮ್ಮವರು ಗುಜರಿಯಿಂದ ಆರಿಸಿ ತಂದು ಮತ್ತೆ ಹಾರಿಸಿದರು. ಆ ಕೆಲಸ ನಡೆದದ್ದು ದೊಡ್ಡನೆಕ್ಕುಂದಿಯ ಈ ಮಗ್ಗುಲಲ್ಲೇ.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಎಚ್‌ಎಎಲ್ ಕಟ್ಟಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಯುದ್ಧ ಮನೆ ಬಾಗಿಲಿಗೆ ಬಂದಂತೆ ಹೊಸ ವಿಮಾನ ಕಟ್ಟುವ ಆಸೆ ಹಿಂದೆ ಸರಿಯಿತು. 1943ರಲ್ಲಿ ಅಮೆರಿಕದ ಸೇನೆ ಕಾರ್ಖಾನೆಯ ಉಸ್ತುವಾರಿ ವಹಿಸಿಕೊಂಡಿತು. ಡಕೋಟಾಗಳು, ಬಾಂಬರ್‌ಗಳು ರಿಪೇರಿಗೆ ಸಾಲುಗಟ್ಟಿದವು. ಕ್ಯಾಟಲೀನಾ ಎಂಬ ಜಲವಿಮಾನಗಳು ಬಂದಿಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ನೊರೆಯಿಂದಾಗಿ ಸುದ್ದಿಯಾದ ಅದೇ ಕೆರೆ!

ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟುಹೋಯಿತು. ಅಮೆರಿಕದಿಂದ ಎರವಲು ಬಂದ ವಿಮಾನಗಳವು; ಇನ್ನೊಬ್ಬರ ಬಳಕೆಗೆ ಸಿಗಬಾರದೆಂದು ಬೇಕೆಂದೇ ಕೆಡಿಸಿ ಹೋಗಿದ್ದರು. ಉಪಕರಣಗಳನ್ನು ಒಡೆದುಹಾಕಿದ್ದರು, ಎಂಜಿನ್ನಿಗೆ ಮರಳು ಸುರಿದಿದ್ದರು. ಇತ್ತ ಹೊಸದಾಗಿ ಸ್ವತಂತ್ರವಾದ ದೇಶದ ವಾಯುಪಡೆಗೆ ಭಾರೀ ಬಾಂಬರ್ ಒಂದೂ ಇರಲಿಲ್ಲ. ಎಚ್‌ಎಎಲ್ ತಂಡ ಕಾನ್ಪುರಕ್ಕೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರು ತಲುಪುವಷ್ಟರ ಮಟ್ಟಿಗೆ ಒಂದೊಂದನ್ನೇ ಸಜ್ಜು ಮಾಡಿತು. ಅವನ್ನು ಹಾರಿಸಿಕೊಂಡು ಬಂದವರು ಕಂಪನಿಯ ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ. ನಾಲ್ಕು ಎಂಜಿನ್, 110 ಅಡಿ ಉದ್ದದ ರೆಕ್ಕೆ. ಗುಜರಿಯಲ್ಲಿ ಬಿದ್ದಿದ್ದ ಇಂಥದ್ದನ್ನು ನಂಬಿ ಸಾವಿರಾರು ಅಡಿ ಮೇಲೇರಲು ಎಂಥ ಎದೆಗಾರಿಕೆ ಬೇಕು!

ಬೆಂಗಳೂರಿನವರಿಗೇ ಈ ಕೆಲಸ ಕೈಗೂಡಿದ್ದು ಹೇಗೆ? ನನಗೆ ಕಾಣುವ ಉತ್ತರ ಎಂಜಿನ್ನಿನಲ್ಲಿದೆ. ಡಕೋಟಾ, ಕ್ಯಾಟಲೀನಾ, ಲಿಬರೇಟರ್ ಮೂರಕ್ಕೂ ಇದ್ದದ್ದು ಪ್ರ್ಯಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್ ಕುಟುಂಬದ ಎಂಜಿನ್. ಚಕ್ರದಂತೆ ಸುತ್ತ ಜೋಡಿಸಿದ, ಮುಂದೆ ಏಳು ಹಿಂದೆ ಏಳು ಸಿಲಿಂಡರುಗಳು. ಪ್ರತಿ ಸಿಲಿಂಡರಿನ ಮೈಗೂ ಗಾಳಿ ಆಡಲೆಂದು ಒತ್ತೊತ್ತಾಗಿ ತೆಳು ಲೋಹದ ಅಂಚುಗಳು. ಯುದ್ಧದ ವರ್ಷಗಳಲ್ಲಿ ಅದನ್ನು ಬಿಚ್ಚಿ ಕಟ್ಟಿ ಪಳಗಿದ ಕೈಗಳು ಇಲ್ಲಿದ್ದವು. ಸುಮಾರು 40 ಲಿಬರೇಟರ್‌ಗಳು ಮರುಜೀವ ಪಡೆದವು. 1948ರ ನವೆಂಬರ್‌ನಲ್ಲಿ ವಾಯುಪಡೆಯ ಐದನೇ ಸ್ಕ್ವಾಡ್ರನ್ ಇವುಗಳಿಂದಲೇ ರೂಪುಗೊಂಡಿತು. ಬುಲ್‌ಡೋಜರಿನ ಪಾಲಾಗಬೇಕಿದ್ದ ವಿಮಾನಗಳು 1968ರವರೆಗೆ ದೇಶದ ಸೇವೆಯಲ್ಲಿದ್ದವು.

ನಿವೃತ್ತಿಯ ನಂತರ ಜಗತ್ತು ಅವಕ್ಕಾಗಿ ಕೈಚಾಚಿತು. ಬೇರೆ ದೇಶಗಳಲ್ಲಿ ಲಿಬರೇಟರ್‌ಗಳು ಹೆಚ್ಚುಕಡಿಮೆ ಎಲ್ಲವೂ ಕರಗಿ ಅಲ್ಯುಮಿನಿಯಂ ಆಗಿದ್ದವು. ದೆಹಲಿಯ ಪಾಲಂನಲ್ಲಿ ಒಂದು ಉಳಿಯಿತು. ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯಕ್ಕೆ ಒಂದು, ಕೆನಡಾಕ್ಕೆ ಒಂದು ಹೋಯಿತು. ಬ್ರಿಟನ್ನಿನ ವಾಯುಪಡೆ ಸಂಗ್ರಹಾಲಯದ್ದು 1974ರಲ್ಲಿ ಭಾರತದಿಂದ ತಾನೇ ಹಾರಿಕೊಂಡು ಹೋಯಿತು.

ದೊಡ್ಡನೆಕ್ಕುಂದಿಯಿಂದ ಹಳೇ ಏರ್‌ಪೋರ್ಟ್ ರಸ್ತೆಗೆ ಬಂದರೆ 2001ರಲ್ಲಿ ಆರಂಭವಾದ ಎಚ್‌ಎಎಲ್ ವಸ್ತುಸಂಗ್ರಹಾಲಯವಿದೆ. ಅಂಗಳದಲ್ಲಿ ಮಾರುತ್, ಕಿರಣ್, ಅಜೀತ್ ವಿಮಾನಗಳು ನಿಂತಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಸುತ್ತಲಿನ ವಿಮಾನಪುರ, ವಿಭೂತಿಪುರ, ಮಾರತ್‌ಹಳ್ಳಿಯ ಹಳೆಯ ಕಾರ್ಮಿಕರ ಮನೆಗಳಲ್ಲಿ ಅಜ್ಜಂದಿರ ಕಾಲದ ಫೋಟೊ, ಪಾಸು, ಪಾನಾ ಏನಾದರೂ ಉಳಿದಿದ್ದರೆ ಮನೆ ಖಾಲಿ ಮಾಡುವಾಗ ಗುಜರಿಯವರಿಗೆ ಕೊಡಬೇಡಿ. ಮುನ್ಷಿಯವರ ಹೆಸರು ದಾಖಲೆಗೆ ಸೇರಿದೆ. ರಿವೆಟ್ ಹೊಡೆದವರ, ಎಂಜಿನ್ನಿನ ಮರಳು ತೆಗೆದವರ ಹೆಸರುಗಳೂ ಸೇರಲಿ.