ಹಳೆಯ ಕಾವಲು ಕಳಚುವ ಕ್ರಮ: ತಿಗನಾರೆಯ ತೋಟದ ಮನೆಗಳ ಸೋಲಾರ್ ಬೇಲಿ, ಅಲಾರಂ ಮತ್ತು ಒಂದು ಪದದ ಗೊಂದಲ

ಕನ್ನಡ ಸಾಹಿತ್ಯದ ವಿಚಾರಗೋಷ್ಠಿಯಲ್ಲಿ ತಂತಿ, ಬ್ಯಾಟರಿ, ಸೈರನ್ ಬಗ್ಗೆ ಯಾಕೆ ಮಾತು ಅಂತ ಕೆಲವರಿಗೆ ಅನ್ನಿಸಬಹುದು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ ಬರೆದದ್ದು, ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದದ್ದು ಕನ್ನಡದ ಕೆಲಸವೇ ಆಗಿತ್ತಲ್ಲವೆ? ತಿಳಿವಳಿಕೆಯನ್ನು ಜನರ ಮಾತಿಗೆ ತರುವುದು ಸಾಹಿತ್ಯ ವಿದ್ಯಾರ್ಥಿಯ ಹೊಣೆಯೂ ಹೌದು ಎಂಬ ನಂಬಿಕೆಯಿಂದ ಈ ವಿಷಯ ಆರಿಸಿಕೊಂಡಿದ್ದೇನೆ.

ಹಿನ್ನೆಲೆ

ತಿಗನಾರೆ ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ತಾಲ್ಲೂಕಿನಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಭಾಗ ಮದರಾಸು ರಾಜ್ಯದಲ್ಲೇ ಉಳಿಯಿತು. ಹೀಗಾಗಿ ಇಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ಸುತ್ತಲೂ ಕಾಡು. ಸತ್ಯಮಂಗಲ ಅರಣ್ಯವನ್ನು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಲಾಯಿತು. ರಾಗಿ, ಮೆಕ್ಕೆಜೋಳ, ಕಬ್ಬು, ಬಾಳೆ ಬೆಳೆದವರಿಗೆ ರಾತ್ರಿ ಬರುವ ಕಳ್ಳ ಅಂದ್ರೆ ಮೊದಲು ನೆನಪಾಗುವುದು ಆನೆ, ಆಮೇಲೆ ಹಂದಿ. ಮನುಷ್ಯ ಕಳ್ಳನ ಸರದಿ ಅದಾದ ಮೇಲೆ.

ಪಟ್ಟಣದ ಮನೆಗೆ ಬಾಗಿಲ ಅಲಾರಂ ಹೇಗೋ, ಇಲ್ಲಿನ ತೋಟದ ಮನೆಗೆ ಸೋಲಾರ್ ಬೇಲಿ, ಅದಕ್ಕೆ ಕಟ್ಟಿದ ಸೈರನ್ ಹಾಗೆ. ಇಂಥ ಬೇಲಿಗಳಿಗೂ ವಯಸ್ಸಾಗುತ್ತದೆ. ಬ್ಯಾಟರಿ ಸಾಯುತ್ತದೆ, ಕಂಬ ಬಾಗುತ್ತದೆ, ಗಿಡಗಂಟಿ ತಂತಿಗೆ ತಾಗಿ ಶಕ್ತಿ ಸೋರಿಹೋಗುತ್ತದೆ. ಆನೆಯೂ ಪಾಠ ಕಲಿಯುತ್ತದೆ. ದಂತಕ್ಕೆ ಶಾಕ್ ತಟ್ಟುವುದಿಲ್ಲ ಎಂದು ತಿಳಿದು ದಂತದಿಂದಲೇ ತಂತಿ ಕೀಳುತ್ತದೆ, ಇಲ್ಲವೆ ಮರ ಮುರಿದು ಬೇಲಿಯ ಮೇಲೆ ಕೆಡವುತ್ತದೆ. ಆಗ ರೈತರು ತೂಗು ಬೇಲಿಗೋ ಕಂದಕಕ್ಕೋ ಹೋಗುತ್ತಾರೆ. ಹೊಸದನ್ನು ಹಾಕಿಸುವಾಗ ಹೇಳಿಕೊಡಲು ಅಂಗಡಿಯವರು ಬರುತ್ತಾರೆ, ಹಳೆಯದನ್ನು ಕಳಚುವುದು ಹೇಗೆ ಅಂತ ಹೇಳಲು ಯಾರೂ ಬರಲ್ಲ. ಪೆಟ್ಟಿಗೆಯ ಜೊತೆ ಬಂದ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ.

ಒಂದು ಹೆಸರು, ಎರಡು ಬೇಲಿ

ತಮಿಳಿನ ‘ವೇಲಿ’ಯೂ ಕನ್ನಡದ ‘ಬೇಲಿ’ಯೂ ಒಂದೇ ಮೂಲದವು, ವಕಾರ ಬಕಾರಗಳ ವ್ಯತ್ಯಾಸ ಅಷ್ಟೆ. ಅಲ್ಲಿ ‘ಮಿನ್‌ವೇಲಿ’, ಇಲ್ಲಿ ‘ಕರೆಂಟು ಬೇಲಿ’. ಎರಡು ಭಾಷೆಯಲ್ಲೂ ತೊಂದರೆ ಒಂದೇ: ಪೂರ್ತಿ ಬೇರೆಯಾದ ಎರಡು ವಸ್ತುಗಳಿಗೆ ಒಂದೇ ಹೆಸರು.

ಮೊದಲನೆಯದು ಸೋಲಾರ್ ಬೇಲಿ. 12 ವೋಲ್ಟ್ ಬ್ಯಾಟರಿಯ ಶಕ್ತಿಯನ್ನು ಎನರ್ಜೈಸರ್ ಎಂಬ ಪೆಟ್ಟಿಗೆ ಕೂಡಿಟ್ಟುಕೊಂಡು, ಸುಮಾರು ಸೆಕೆಂಡಿಗೊಮ್ಮೆ ಕೆಲವು ಸಾವಿರ ವೋಲ್ಟಿನ ಹೊಡೆತವಾಗಿ ತಂತಿಗೆ ಬಿಡುತ್ತದೆ. ಆ ಹೊಡೆತ ಇರುವುದು ಸೆಕೆಂಡಿನ ಅತಿ ಸಣ್ಣ ಪಾಲು. ಎರಡು ಹೊಡೆತದ ನಡುವೆ ಬಿಡುವು ಇರುವುದರಿಂದ ಮುಟ್ಟಿದ ಪ್ರಾಣಿ ಹಿಂದಕ್ಕೆ ಸರಿಯಬಹುದು. ಎರಡನೆಯದು 230 ವೋಲ್ಟಿನ ಮನೆ ಲೈನನ್ನೋ ಪಂಪ್‌ಸೆಟ್ ಲೈನನ್ನೋ ನೇರವಾಗಿ ತಂತಿಗೆ ಕೊಟ್ಟದ್ದು. ಅಲ್ಲಿ ಬಿಡುವೇ ಇಲ್ಲ. ಸ್ನಾಯು ಬಿಗಿದು ಮುಟ್ಟಿದ ಕೈ ತಂತಿಯನ್ನು ಬಿಡಲಾರದು.

ಸಾವಿರಾರು ವೋಲ್ಟಿನದು ಸಾಮಾನ್ಯವಾಗಿ ಬದುಕಲು ಬಿಡುತ್ತದೆ, 230ರದು ಕೊಲ್ಲುತ್ತದೆ. ವೋಲ್ಟಿನ ಅಂಕಿಯನ್ನಷ್ಟೇ ನೋಡಿದರೆ ಇದು ಅರ್ಥವಾಗಲ್ಲ. ಆದರೆ ನಮ್ಮ ಆಡುಮಾತು ಈ ಭೇದವನ್ನು ಆಗಲೇ ಗುರುತಿಸಿದೆ. ‘ಕರೆಂಟು ಹೊಡೀತು’ ಅನ್ನುವುದು ಬೇರೆ, ‘ಕರೆಂಟು ಹಿಡ್ಕಂತು’ ಅನ್ನುವುದು ಬೇರೆ. ಹಾಗಾಗಿ ಮೊದಲನೆಯದನ್ನು ‘ಹೊಡೆಯುವ ಬೇಲಿ’ ಎಂದೂ ಎರಡನೆಯದನ್ನು ‘ಹಿಡಿಯುವ ಬೇಲಿ’ ಎಂದೂ ಕರೆಯೋಣ ಎಂಬುದು ನನ್ನ ಸಲಹೆ.

ಹಿಡಿಯುವ ಬೇಲಿ ಅಪರಾಧ. 2023ರ ಮಾರ್ಚ್‌ನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿ ಬಳಿ ಇಂಥ ಅಕ್ರಮ ಬೇಲಿಗೆ ಸಿಕ್ಕಿ ಮೂರು ಹೆಣ್ಣಾನೆಗಳು ಸತ್ತವು, ಜೊತೆಗಿದ್ದ ಎರಡು ಮರಿಗಳು ಉಳಿದವು. ಅದೇ ವರ್ಷ ತಮಿಳುನಾಡು ಸರ್ಕಾರ ವಿದ್ಯುತ್ ಬೇಲಿಗಳ ನೋಂದಣಿ ಮತ್ತು ನಿಯಂತ್ರಣಕ್ಕೆ ನಿಯಮಗಳನ್ನು ತಂದಿತು. ಹಳೆಯ ಬೇಲಿಗೂ ಇಂಥ ಸಾವಿಗೂ ನಂಟಿದೆ. ಕೆಟ್ಟುಹೋದ ಹೊಡೆಯುವ ಬೇಲಿಯನ್ನು ಕಳಚದೆ ಬಿಟ್ಟರೆ ಕಂಬ, ತಂತಿ, ಇನ್ಸುಲೇಟರ್ ಎಲ್ಲವೂ ಸಿದ್ಧವಾಗಿಯೇ ನಿಂತಿರುತ್ತವೆ. ಬೆಳೆ ಕಳೆದುಕೊಂಡ ಕೋಪದಲ್ಲಿ ಒಂದು ರಾತ್ರಿ ಯಾರಾದರೂ ಲೈನ್ ಕೊಟ್ಟರೆ ಅದು ಹಿಡಿಯುವ ಬೇಲಿ. ಯಾರೂ ಕೊಡದಿದ್ದರೂ ಗಾಳಿಮಳೆಗೆ ಹರಿದ ಕರೆಂಟು ತಂತಿ ಅದರ ಮೇಲೆ ಬಿದ್ದರೆ ಸಾಕು. ಬೆಳಿಗ್ಗೆ ಮೊದಲು ಮುಟ್ಟುವುದು ದನವೋ, ಮಗುವೋ ಹೇಳಲಾಗದು.

ಕಳಚುವ ಕ್ರಮ

ಇಲ್ಲಿ ಒಂದು ಸೂಕ್ಷ್ಮ ಇದೆ. ಕಾವಲಿನ ಯಂತ್ರಕ್ಕೆ ಕಳಚುವವನೂ ಕಳ್ಳನೂ ಒಂದೇ. ಬೇಲಿಯ ಅಲಾರಂ ಕೂಗುವುದು ತಂತಿಯ ವೋಲ್ಟೇಜ್ ಬಿದ್ದಾಗ. ಆನೆ ಕಿತ್ತರೂ ಬೀಳುತ್ತದೆ, ನಾವು ಆಫ್ ಮಾಡಿದರೂ ಬೀಳುತ್ತದೆ. ತನ್ನನ್ನು ಕೀಳುವವರ ವಿರುದ್ಧ ಕೂಗುವಂತೆಯೇ ಅದನ್ನು ಮಾಡಿರುತ್ತಾರೆ. ಆದ್ದರಿಂದ ಕ್ರಮ ಮುಖ್ಯ.

1. ಮೊದಲು ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ದೂರದಿಂದಲೇ, ಮುಟ್ಟದೆ ನೋಡಬೇಕು. ಮೀಟರ್, ಪಂಪ್‌ಸೆಟ್ ಮನೆ, ಕರೆಂಟು ಕಂಬ ಇವುಗಳ ಕಡೆಗೆ ಯಾವ ತಂತಿಯಾದರೂ ಹೋಗಿದ್ದರೆ, ಅಥವಾ ಮೇಲಿನ ಲೈನ್ ಬೇಲಿಗೆ ತಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ನಮ್ಮ ಕೆಲಸ ಅಲ್ಲ, ಇ.ಬಿ. ಕಚೇರಿಯವರದು. ಪಕ್ಕದ ಹೊಲದ ಪೆಟ್ಟಿಗೆಯೂ ಇದೇ ತಂತಿಗೆ ಶಕ್ತಿ ಕೊಡುತ್ತಿದೆಯೇ ಅಂತಲೂ ಕೇಳಬೇಕು.

2. ಅಕ್ಕಪಕ್ಕದವರಿಗೆ ಮುಂಚೆಯೇ ಹೇಳಬೇಕು. ಸೈರನ್ ಕೂಗಿದರೆ ಆನೆ ಬಂತು ಅಂತ ಓಡಿಬರುವವರು ಅವರೇ. ಬೆಳಿಗ್ಗೆ ಶುರುಮಾಡಿ. ಮೋಡ, ಗುಡುಗು ಇದ್ದ ದಿನ ಬೇಡ, ಉದ್ದದ ತಂತಿ ದೂರದ ಸಿಡಿಲನ್ನೂ ಹೊತ್ತು ತರುತ್ತದೆ. ಆ ರಾತ್ರಿ ಹೊಲಕ್ಕೆ ಕಾವಲು ಯಾರು ಎಂಬುದನ್ನೂ ಆಗಲೇ ತೀರ್ಮಾನಿಸಿ.

3. ಅಲಾರಂಗೆ ಬೇರೆ ಸ್ವಿಚ್ಚೋ ಕೀಲಿಯೋ ಇದ್ದರೆ ಮೊದಲು ಅದನ್ನು ಆಫ್ ಮಾಡಿ, ಆಮೇಲೆ ಎನರ್ಜೈಸರ್ ಆಫ್ ಮಾಡಿ. ಬೇಲಿಗೆ ಹೋಗುವ ತಂತಿಯನ್ನು ಪೆಟ್ಟಿಗೆಯಿಂದ ಬಿಚ್ಚಿ. ಒಂದು ತುದಿ ಅರ್ತ್ ಸರಳಿಗೆ ಕಟ್ಟಿದ ತಂತಿಯ ಇನ್ನೊಂದು ತುದಿಯನ್ನು ಒಣಗಿದ ಪಿ.ವಿ.ಸಿ. ಪೈಪಿನ ಹಿಡಿಯಿಂದ ಬೇಲಿಯ ಪ್ರತಿ ಎಳೆಗೂ ಮುಟ್ಟಿಸಿ. ಶಕ್ತಿ ಉಳಿದಿದೆಯೇ ಎಂದು ನೋಡಲು ಬೇಲಿಗೆಂದೇ ಇರುವ ಮೀಟರ್ ಬೇಕು, ಮನೆಯ ಮಲ್ಟಿಮೀಟರ್ ಇಷ್ಟು ವೋಲ್ಟೇಜಿಗೆ ಆಗಿಬರುವುದಿಲ್ಲ. ಎನರ್ಜೈಸರ್ ಪೆಟ್ಟಿಗೆಯ ಮುಚ್ಚಳ ತೆಗೆಯಬೇಡಿ. ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್ ಶಕ್ತಿ ಹಿಡಿದಿಟ್ಟುಕೊಂಡಿರಬಹುದು.

4. ಸೋಲಾರ್ ಫಲಕಕ್ಕೆ ಸ್ವಿಚ್ಚಿಲ್ಲ. ಬಿಸಿಲು ಬಿದ್ದಷ್ಟು ಹೊತ್ತೂ ಅದು ದುಡಿಯುತ್ತಲೇ ಇರುತ್ತದೆ. ದಪ್ಪ ಗೋಣಿಯಿಂದ ಮುಚ್ಚಿ, ಫಲಕದ ತಂತಿಯನ್ನು ಮೊದಲು ಬಿಚ್ಚಿ, ಬ್ಯಾಟರಿಯದು ನಂತರ. ಬ್ಯಾಟರಿಯಲ್ಲಿ ಮೈನಸ್ ಮೊದಲು, ಪ್ಲಸ್ ಆಮೇಲೆ. ಎರಡೂ ತುದಿಗೆ ಟೇಪ್ ಸುತ್ತಿ. ಕೈಯಲ್ಲಿ ಉಂಗುರ, ಬಳೆ, ಗಡಿಯಾರ ಇರಬಾರದು. 12 ವೋಲ್ಟ್ ಶಾಕ್ ಹೊಡೆಯದಿರಬಹುದು, ಆದರೆ ಸ್ಪ್ಯಾನರ್ ಎರಡು ತುದಿಗೂ ತಾಗಿದರೆ ಕಿಡಿ ಹಾರಿ ಸುಡುತ್ತದೆ.

5. ಆಮೇಲೆ ಸೈರನ್. ಎಷ್ಟೋ ಸೈರನ್‌ಗಳೊಳಗೆ ಪುಟ್ಟ ಬ್ಯಾಟರಿ ಇರುತ್ತದೆ. ಮುಖ್ಯ ತಂತಿ ಕತ್ತರಿಸಿದಾಗಲೇ ಅದು ಕೂಗಲು ಶುರುಮಾಡುತ್ತದೆ. ಏಣಿಯ ಮೇಲಿದ್ದವರು ಬೆಚ್ಚಿಬಿದ್ದರೆ ಪೆಟ್ಟಾಗುವುದು ಕರೆಂಟಿನಿಂದಲ್ಲ, ನೆಲದಿಂದ. ಏಣಿ ಹಿಡಿಯಲು ಒಬ್ಬರು ಇರಲಿ.

6. ಕೊನೆಗೆ ತಂತಿ. ಬಿಗಿದ ತಂತಿಯನ್ನು ನಡುವೆ ಕತ್ತರಿಸಿದರೆ ಅದು ಹಾವಿನಂತೆ ಹಿಂದಕ್ಕೆ ಹೊಡೆಯುತ್ತದೆ, ಕಣ್ಣು ಹೋಗಬಹುದು. ಮೂಲೆ ಕಂಬದ ಬಿಗಿ ಸಡಿಲಿಸಿ, ಸುರುಳಿ ಸುತ್ತಿಕೊಂಡು ಬನ್ನಿ. ತುಂಡು ತಂತಿ ಹುಲ್ಲಿನಲ್ಲಿ ಉಳಿಯಬಾರದು. ಮೇವಿನ ಜೊತೆ ಅದು ದನದ ಹೊಟ್ಟೆ ಸೇರಿದರೆ ಕರುಳಿಗೂ ಎದೆಗೂ ಚುಚ್ಚಬಹುದು.

ಹಳೆಯ ಬ್ಯಾಟರಿಯಲ್ಲಿ ಇರುವುದು ಸೀಸ ಮತ್ತು ಗಂಧಕಾಮ್ಲ. ಆ ನೀರನ್ನು ಹೊಲಕ್ಕೋ ಬಾವಿಯ ಬದಿಗೋ ಚೆಲ್ಲಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ವಿಲೇವಾರಿಗೆ ತಯಾರಕರು ಹೊಣೆ. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಟ್ಟರೆ ಅದರ ಬೆಲೆಯೂ ಸ್ವಲ್ಪ ಸಿಗುತ್ತದೆ.

ಪಟ್ಟಣದ ಮನೆಗೂ ಇದೇ ತರ್ಕ

ಗೋಷ್ಠಿಯಲ್ಲಿ ಒಬ್ಬ ಗೆಳತಿ ಕೇಳಿದ್ದು: ‘ನಮ್ಮ ಬಾಡಿಗೆ ಮನೆಯಲ್ಲಿ ಹಳೇ ಕಳ್ಳರ ಅಲಾರಂ ಇದೆ, ಅದಕ್ಕೂ ಹೀಗೇನಾ?’ ಹೌದು, ಕ್ರಮ ಹೆಚ್ಚುಕಡಿಮೆ ಇದೇ. ಮೊದಲು ಮನೆಯ ಮಾಲೀಕರಿಗೆ, ಫೋನಿಗೆ ಸಂದೇಶ ಹೋಗುವಂತಿದ್ದರೆ ಆ ಸೇವೆಯವರಿಗೆ ಹೇಳಬೇಕು. ಎಂ.ಸಿ.ಬಿ. ಆಫ್ ಮಾಡಿ, ನಂತರ ಪೆಟ್ಟಿಗೆಯೊಳಗಿನ ಬ್ಯಾಟರಿ, ನಂತರ ಸೈರನ್. ಬಾಗಿಲಿನ ಅಯಸ್ಕಾಂತದ ಸ್ವಿಚ್ಚು, ಗೋಡೆಯ ಸೆನ್ಸರುಗಳು ಸಾಮಾನ್ಯವಾಗಿ ಕಡಿಮೆ ವೋಲ್ಟಿನವು, ಅವನ್ನು ಕೊನೆಗೆ ತೆಗೆಯಬಹುದು. ಪೆಟ್ಟಿಗೆಗೆ 230 ವೋಲ್ಟ್ ಗೋಡೆಯೊಳಗಿಂದ ನೇರವಾಗಿ ಬಂದಿದ್ದರೆ ಆ ತುದಿಯನ್ನು ಎಲೆಕ್ಟ್ರಿಷಿಯನ್ನೇ ಮುಚ್ಚಬೇಕು.

ಉಪಸಂಹಾರ

ಕಾವಲು ಹಾಕುವ ಬಗ್ಗೆ ನಮ್ಮಲ್ಲಿ ಮಾತು ಬಹಳ: ಅಟ್ಟಣೆ, ತಮಟೆ, ಪಂಜು, ಕವಣೆ. ಇವು ಯಾವುವೂ ಕೆಟ್ಟ ಮೇಲೆ ಯಾರನ್ನೂ ಕೊಲ್ಲುತ್ತಿರಲಿಲ್ಲ. ಅಟ್ಟಣೆ ಮುರಿದರೆ ಸೌದೆ ಆಗುತ್ತಿತ್ತು. ಹಾಗಾಗಿ ಕಾವಲು ಕಳಚುವುದಕ್ಕೆ ಕ್ರಮವೂ ಬೇಕಿರಲಿಲ್ಲ, ಭಾಷೆಯೂ ಬೇಕಿರಲಿಲ್ಲ. ಈಗ ಎರಡೂ ಬೇಕು. ಮೇಲಿನ ಆರು ಅಂಶಗಳನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಅಚ್ಚು ಹಾಕಿ, ತಾಳವಾಡಿ ಭಾಗದ ಶಾಲೆಗಳಿಗೂ ಹಾಲಿನ ಡೈರಿಗಳಿಗೂ ಕೊಡುವುದು ನಮ್ಮ ವಿಭಾಗದಿಂದ ಆಗಬಹುದಾದ ಕೆಲಸ. ಹಾಳೆಯ ತಲೆಬರಹಕ್ಕೆ ‘ಹೊಡೆಯುವ ಬೇಲಿ, ಹಿಡಿಯುವ ಬೇಲಿ’ ಸರಿಹೋಗುತ್ತದೆಯೇ, ಅಲ್ಲಿನ ಜನ ಒಪ್ಪುತ್ತಾರೆಯೇ ಎಂಬುದನ್ನು ಅವರನ್ನೇ ಕೇಳಿ ತೀರ್ಮಾನಿಸೋಣ.